ಮೇಗುತಿ ಗುಡ್ಡದ ಬುದ್ಧ ಮತ್ತು ‘ನಮ್ಮಂಥವರು’

ಐಹೊಳೆಗೆ ಬಂದವರು ಸಾಮಾನ್ಯವಾಗಿ ದುರ್ಗ ಗುಡಿ, ಲಾಡಖಾನ ಗುಡಿ ನೋಡಿ, ಫೋಟೋ ತೆಗೆದುಕೊಂಡು ಪಟ್ಟದಕಲ್ಲು ಇಲ್ಲವೇ ಬಾದಾಮಿಯ ದಾರಿ ಹಿಡಿಯುತ್ತಾರೆ. ಮೇಗುತಿ ಗುಡ್ಡ ಹತ್ತುವವರು ಕಡಿಮೆ. ಹತ್ತಿದವರೂ ನೆತ್ತಿಯ ಮೇಲಿನ ಜೈನ ಬಸದಿಗೆ, ಅಲ್ಲಿರುವ ರವಿಕೀರ್ತಿಯ ಶಾಸನಕ್ಕೆ ಹೋಗುತ್ತಾರೆ. ಅದಕ್ಕಿಂತ ಸ್ವಲ್ಪ ಕೆಳಗೆ, ಬಂಡೆಗೆ ಒರಗಿದಂತೆ ಎರಡು ಅಂತಸ್ತಿನ ಒಂದು ಬೌದ್ಧ ಗುಡಿ ಇದೆ. ಅರ್ಧ ಕಟ್ಟಿದ್ದು, ಅರ್ಧ ಬಂಡೆಯಲ್ಲಿ ಕೊರೆದದ್ದು.

ಹುನಗುಂದದ ಕಡೆಯ ಕೆಲವು ಬಿ.ಎ. ವಿದ್ಯಾರ್ಥಿಗಳ ಜೊತೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಎಲ್ಲರೂ ಮೇಲಿನ ಅಂತಸ್ತಿಗೆ ಹೋದರು. ಒಬ್ಬ ಹುಡುಗಿ ಮಾತ್ರ ಕೆಳಗೇ ನಿಂತಿದ್ದಳು. ಯಾಕೆ ಎಂದು ಕೇಳಿದೆ. “ನಮ್ಮಂಥಾರಿಗೆ ಇದೆಲ್ಲಾ ಎಲ್ಲಿ ತಿಳೀತೈತ್ರಿ, ಸರ್” ಎಂದಳು.

‘ನಮ್ಮಂಥವರು’ ಎಂಬ ಈ ಮಾತನ್ನು ನಾನು ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಕೇಳಿದ್ದೇನೆ, ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಕೇಳಿದ್ದೇನೆ. ಮೊದಲ ಸಲ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವಾಗ ಕ್ಷಮೆ ಕೇಳಿಯೇ ಶುರು ಮಾಡಿದ ನನ್ನ ಬಾಯಲ್ಲೂ ಕೇಳಿದ್ದೇನೆ. ಜಾತಿ, ಬಡತನ, ಬಾರದ ಇಂಗ್ಲಿಷ್, ಕಡಿಮೆ ಅಂಕ ಎಲ್ಲವೂ ಆ ಒಂದು ಪದದೊಳಗೆ ಅಡಗಿ ಕೂತಿರುತ್ತವೆ.

ಇದಕ್ಕೆ ಬೌದ್ಧರು ಕೊಟ್ಟ ಹೆಸರು ಅಚ್ಚರಿ ಹುಟ್ಟಿಸುವಂಥದ್ದು. ಪಾಲಿ ಗ್ರಂಥಗಳು ‘ಮಾನ’ ಎಂಬುದನ್ನು ಮನಸ್ಸಿನ ಕಟ್ಟುಗಳಲ್ಲಿ ಒಂದೆಂದು ಎಣಿಸುತ್ತವೆ. ಅದರಲ್ಲಿ ಮೂರು ಬಗೆ: ನಾನು ಇತರರಿಗಿಂತ ಮೇಲು, ನಾನು ಅವರಿಗೆ ಸಮ, ನಾನು ಅವರಿಗಿಂತ ಕೀಳು. ಮೊದಲನೆಯದನ್ನು ನಾವು ಅಹಂಕಾರ ಎನ್ನುತ್ತೇವೆ. ಮೂರನೆಯದನ್ನು ವಿನಯ ಎಂದುಕೊಳ್ಳುತ್ತೇವೆ. ಬೌದ್ಧರಿಗೆ ಮೂರೂ ಒಂದೇ ಕಾಯಿಲೆ, ಏಕೆಂದರೆ ಮೂರರಲ್ಲೂ ‘ನಾನು’ ಎಂಬುದನ್ನು ನಡುವೆ ನಿಲ್ಲಿಸಿ ಅಳೆಯುವ ಕೆಲಸ ನಡೆದೇ ಇರುತ್ತದೆ. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ, ಅಳತೆಯೂ ಹೌದು.

ಮೇಗುತಿ ಗುಡ್ಡದಲ್ಲೇ ಮೊದಲ ಎರಡು ಅಳತೆಗಳು ಸಿಗುತ್ತವೆ. ಕ್ರಿ.ಶ. 634ರ ಆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ದೊಡ್ಡ ಅರಸ. ಶಾಸನ ಬರೆದ ರವಿಕೀರ್ತಿ ಕೀರ್ತಿಯಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ಅದು ಆಸ್ಥಾನ ಕವಿಗಳ ರೂಢಿ, ತಪ್ಪೇನಲ್ಲ. ಆದರೆ ‘ನಾನು ಕೀಳು’ ಎಂಬ ಮೂರನೆಯ ಅಳತೆಯನ್ನು ಯಾರೂ ಹೀಗೆ ಕಲ್ಲಿನಲ್ಲಿ ಬರೆಸುವುದಿಲ್ಲ. ಅದು ಮನುಷ್ಯರ ಬೆನ್ನಿನಲ್ಲಿ, ಬಗ್ಗಿದ ಕತ್ತಿನಲ್ಲಿ ಉಳಿಯುತ್ತದೆ.

ಹಾಗೆಂದು ಕೀಳರಿಮೆಯಿಂದ ನರಳುವವರಿಗೆ ‘ಇದೂ ನಿನ್ನ ಅಹಂಕಾರವೇ’ ಎಂದು ಉಪದೇಶಿಸಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಆ ಅಳತೆಗೋಲನ್ನು ಅವರ ಕೈಗೆ ಕೊಟ್ಟವರು ಬೇರೆಯವರು. ಬುದ್ಧನಿಗೆ ಇದು ಗೊತ್ತಿತ್ತು ಎಂಬುದಕ್ಕೆ ಎರಡು ಕಥೆಗಳಿವೆ.

ಥೇರಗಾಥೆಯಲ್ಲಿ ಬರುವ ಸುನೀತ ಬಾಡಿದ ಹೂಗಳ ಕಸ ಎತ್ತುವವನು. ಜನ ಅವನನ್ನು ಹೀಗಳೆಯುತ್ತಿದ್ದರು, ಅವನು ಎಲ್ಲರಿಗೂ ತಲೆಬಾಗುತ್ತಿದ್ದ. ಭಿಕ್ಷುಗಳೊಂದಿಗೆ ನಗರಕ್ಕೆ ಬರುತ್ತಿದ್ದ ಬುದ್ಧನನ್ನು ಕಂಡು, ಹೊರೆ ಇಳಿಸಿ, ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದ. ಬುದ್ಧ ಅವನಿಗೆ ಸಮಾಧಾನ ಹೇಳಲಿಲ್ಲ, ಹೊಗಳಲಿಲ್ಲ. ಭಿಕ್ಷುವೇ ಬಾ ಎಂದು ಕರೆದ. ಅದೇ ಅವನ ದೀಕ್ಷೆ.

ಎರಡನೆಯದು ಕ್ಷೌರಿಕ ಉಪಾಲಿಯ ಕಥೆ. ಅವನ ಜೊತೆ ದೀಕ್ಷೆಗೆ ಬಂದ ಶಾಕ್ಯ ರಾಜಕುಮಾರರು, ಮೊದಲು ಉಪಾಲಿಗೇ ದೀಕ್ಷೆ ಕೊಡಿ ಎಂದು ತಾವೇ ಬೇಡಿಕೊಂಡರು. ಸಂಘದಲ್ಲಿ ಹಿರಿತನ ಜಾತಿಯಿಂದಲ್ಲ, ದೀಕ್ಷೆಯ ಕಾಲದಿಂದ. ಇನ್ನು ಮುಂದೆ ಅವನಿಗೆ ನಮಸ್ಕರಿಸುತ್ತ ತಮ್ಮ ಕುಲದ ಸೊಕ್ಕು ಇಳಿಯಲಿ ಎಂಬುದು ಅವರ ಉದ್ದೇಶ. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯದ ನಿಯಮಗಳನ್ನು ಹೇಳಿಕೊಟ್ಟವನು ಇದೇ ಉಪಾಲಿ.

ಎರಡೂ ಕಥೆಗಳಲ್ಲಿ ಮೊದಲು ಬದಲಾದದ್ದು ಕೂರುವ ಸಾಲು. ಮನಸ್ಸು ಆಮೇಲೆ ಬದಲಾಯಿತು. ಸಂಘವೂ ಎಲ್ಲ ಸಾಲುಗಳನ್ನು ಅಳಿಸಲಿಲ್ಲ. ನೂರು ವರ್ಷದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ನಮಸ್ಕರಿಸಬೇಕೆಂಬ ನಿಯಮ ಅಲ್ಲೇ ಇದೆ. ಆದರೂ ದಾರಿ ತೋರಿಸಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ಅಂಬೇಡ್ಕರರು, ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಉಪಾಲಿ, ಸುನೀತರಂಥವರಿಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ಸಾಲು ಬದಲಾದ ಮೇಲೂ ಒಳಗಿನ ಹಳೆಯ ದನಿ ಉಳಿದಿರುತ್ತದೆ. ಅದಕ್ಕೆ ಐದನೆಯ ಶತಮಾನದ ಬುದ್ಧಘೋಷ ‘ವಿಸುದ್ಧಿಮಗ್ಗ’ದಲ್ಲಿ ಹೇಳುವ ಮೈತ್ರಿ ಧ್ಯಾನವಿದೆ. ಅದು ತನ್ನಿಂದಲೇ ಶುರುವಾಗುತ್ತದೆ: ನಾನು ಸುಖವಾಗಿರಲಿ. ನನಗೆ ಸುಖ ಬೇಕಾದಂತೆ ಉಳಿದವರಿಗೂ ಬೇಕು ಎಂದು ಅಲ್ಲಿಂದ ಹಬ್ಬುತ್ತದೆ. ಅದರಲ್ಲಿ ‘ನಾನು ಯಾರಿಗೂ ಕಡಿಮೆಯಿಲ್ಲ’ ಎಂಬ ಪಂಥವಿಲ್ಲ. ‘ಕೀಳು’ ಎಂಬ ಜಾಗಕ್ಕೆ ‘ಮೇಲು’ ಎಂದು ಬರೆದುಕೊಂಡರೆ ಅಳತೆಗೋಲು ಕೈಯಲ್ಲೇ ಉಳಿಯುತ್ತದೆ, ನಾಳೆ ಮತ್ತೊಬ್ಬರನ್ನು ಅಳೆಯುತ್ತದೆ. ಕೋಲನ್ನೇ ಕೆಳಗಿಡುವುದು ಬುದ್ಧನ ದಾರಿ.

ಇದನ್ನೆಲ್ಲ ಆ ಹುಡುಗಿಗೆ ಹೇಳಲಿಲ್ಲ. “ಬಾರವ್ವ, ಕೂಡೇ ನೋಡೋಣು” ಎಂದೆ. ಮೇಲಿನ ಅಂತಸ್ತಿನಲ್ಲಿ ಬುದ್ಧನ ಮೂರ್ತಿ ಇರುವುದು ಛಾವಣಿಯಲ್ಲಿ. ತಲೆ ಎತ್ತದೆ ಅವನು ಕಾಣುವುದಿಲ್ಲ. ಅವಳು ಬಹಳ ಹೊತ್ತು ತಲೆ ಎತ್ತಿ ನೋಡಿದಳು. ಆಮೇಲೆ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದಳು.