ಹೊಲ ಯಾರ ಹಕ್ಕು?

ಮೊನ್ನೆ ನಮ್ಮ ಕಾರ್ಯಕ್ರಮಕ್ಕೆ ಹೆದ್ದಾರಿಗೆ ಜಮೀನು ಕಳಕೊಂಡ ರೈತರೊಬ್ಬರು ಫೋನ್ ಮಾಡಿದ್ರು. "ಸಾರ್, ನನ್ನ ಹೊಲ ನನ್ನ ಮೂಲಭೂತ ಹಕ್ಕಲ್ವಾ?" ಅಂತ ಕೇಳಿದ್ರು. ಅಲ್ಲ ಅಂತ ಹೇಳೋಕೆ ನನಗೇ ಸಂಕಟ ಆಯ್ತು. ಆ ಹಕ್ಕನ್ನು ಸಡಿಲ ಮಾಡಿದ್ದು ಇಂದಿರಾ ಗಾಂಧಿ, ನಿಜ. ಆದ್ರೆ ಪಟ್ಟಿಯಿಂದಲೇ ತೆಗೆದದ್ದು ಯಾರು ಗೊತ್ತಾ? ಸ್ವಾತಂತ್ರ್ಯ ಮರಳಿ ಕೊಡ್ತೀವಿ ಅಂತ ಬಂದ ಜನತಾ ಸರ್ಕಾರ!

ಸರ್ಕಾರ ದೂರ ಇರಲಿ ಅನ್ನೋ ವ್ಯಕ್ತಿ ಸ್ವಾತಂತ್ರ್ಯವಾದಿಗಳೂ ಸಮಾನತೆ ತರಲಿ ಅನ್ನೋ ಪ್ರಗತಿಪರರೂ ಕೈ ಜೋಡಿಸಬಹುದಾ ಅಂತ ಆಗಾಗ ಚರ್ಚೆ ಆಗುತ್ತೆ. ನಮ್ಮ ದೇಶದಲ್ಲಿ ಅದು ಆಗಿಹೋದ ಕಥೆ.

1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. ಸಹಕಾರಿ ಬೇಸಾಯ ಬೇಡ, ಲೈಸೆನ್ಸ್ ರಾಜ್ ಬೇಡ ಅನ್ನೋದು ಅವರ ವಾದ. ಸಂಪತ್ತು ಹಂಚಬೇಕು ಅನ್ನೋದು ಲೋಹಿಯಾ ಅವರದು. ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ 1963ರಲ್ಲಿ ಸ್ವತಂತ್ರ ಪಕ್ಷದ ಮಿನೂ ಮಸಾನಿ, ಸಮಾಜವಾದಿ ಲೋಹಿಯಾ ಇಬ್ಬರೂ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಆ ಆಗಸ್ಟ್‌ನಲ್ಲೇ ಕೃಪಲಾನಿ ನೆಹರೂ ಸರ್ಕಾರದ ವಿರುದ್ಧ ಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದರು. ಪರವಾಗಿ ಬಿದ್ದದ್ದು 62 ಮತ. ಸೋತರು, ಆದರೆ ದಾರಿ ಕಾಣಿಸಿತು.

1974ರಲ್ಲಿ ಸ್ವತಂತ್ರ ಪಕ್ಷ, ಸಮಾಜವಾದಿಗಳ ಒಂದು ಬಣ ಎರಡೂ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಸೇರಿದವು. ಮರುವರ್ಷ ತುರ್ತು ಪರಿಸ್ಥಿತಿ. ಮುಕ್ತ ಮಾರುಕಟ್ಟೆಯ ಪೀಲೂ ಮೋದಿಯೂ ಜೈಲಿಗೆ, ಸಮಾಜವಾದಿ ರಾಜ್ ನಾರಾಯಣ್ ಕೂಡ ಜೈಲಿಗೆ. 1977ರಲ್ಲಿ ಜನತಾ ಪಕ್ಷ ಗೆದ್ದಿತು. ಸಂಪುಟ ನೋಡಿ: ಹಣಕಾಸು ಖಾತೆ ಸ್ವತಂತ್ರ ಪಕ್ಷದಿಂದ ಬಂದಿದ್ದ ಎಚ್.ಎಂ. ಪಟೇಲ್ ಕೈಗೆ, ಕೈಗಾರಿಕೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗೆ. ಕೋಕಾಕೋಲಾ ದೇಶ ಬಿಟ್ಟು ಹೋದದ್ದು ಆ ಕಾಲದಲ್ಲೇ.

ಇನ್ನು 1978ರ 44ನೇ ತಿದ್ದುಪಡಿ. ಅದರ ಒಂದು ಭಾಗ, ತುರ್ತು ಪರಿಸ್ಥಿತಿಯಲ್ಲೂ ಜೀವಿಸುವ ಹಕ್ಕನ್ನು ಅಮಾನತು ಮಾಡುವಂತಿಲ್ಲ ಅಂತ ಹೇಳಿತು. ಇನ್ನೊಂದು ಭಾಗ, ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಗೆ ಇಳಿಸಿತು. ಇದರಲ್ಲಿ ಮೋಸ ಇಲ್ಲ, ಜನತಾ ಪ್ರಣಾಳಿಕೆಯಲ್ಲೇ ಇತ್ತು. ಭೂಸುಧಾರಣೆಗೆ ಕೋರ್ಟಿನಲ್ಲಿ ಆ ಹಕ್ಕೇ ಅಡ್ಡ ಬರ್ತಿತ್ತು ಅನ್ನೋದು ಸಮಾಜವಾದಿಗಳ ದೂರು. ಅದರಲ್ಲೂ ಸತ್ಯ ಇತ್ತು.

ನನಗೆ ಅನ್ನಿಸೋದು ಇಷ್ಟು. ಜೈಲಿನಲ್ಲಿದ್ದಾಗ ಇಬ್ಬರಿಗೂ ಬೇಕಿದ್ದದ್ದು ಒಂದೇ. ಅದನ್ನು ಗಳಿಸಿಕೊಟ್ಟರು, ಇವತ್ತಿಗೂ ನಮ್ಮನ್ನು ಕಾಯ್ತಿದೆ. ಆಸ್ತಿಯ ಮಾತು ಬಂದಾಗ ಒಬ್ಬರು ಸೋಲಲೇಬೇಕಿತ್ತು. ಸೋತವರು ರಾಜಾಜಿ ಕಡೆಯವರು.

ಆ ರೈತರಿಗೆ ನಾನು ಹೇಳಿದ್ದು, ಜಮೀನಿಗಾಗಿ ಮೂಲಭೂತ ಹಕ್ಕು ಅಂತ ನೇರವಾಗಿ ಸುಪ್ರೀಂ ಕೋರ್ಟ್‌ಗೆ ಹೋಗೋಕಾಗಲ್ಲ, ಹೈಕೋರ್ಟ್ ಬಾಗಿಲು ತಟ್ಟಿ ಅಂತ. ನಿಮಗೆ ಹೇಳೋದು, ಮುಂದೆ ಯಾವ ಇಬ್ಬರು ಒಂದೇ ವೇದಿಕೆಯಲ್ಲಿ ಕೈ ಎತ್ತಿ ನಿಂತರೂ ಮೊದಲು ಕೇಳಿ: ಯಾರು ಏನನ್ನು ಬಿಟ್ಟುಕೊಟ್ಟಿದ್ದೀರಿ ಸ್ವಾಮಿ?