ಬರದ ವರ್ಷಗಳಲ್ಲಿ ಹರಿನಾಮ

ದಾಸರ ಪದ ಈಚೆಗೆ ನಿದ್ದೆಗುಳಿಗೆಯ ಕೆಲಸಕ್ಕೆ ಬಿದ್ದಿದೆ. ಮೊಬೈಲಿನಲ್ಲಿ ಕೊಳಲಿನ ಹಿನ್ನೆಲೆ, ಕೆಳಗೆ ‘ಮನಃಶಾಂತಿಗಾಗಿ’ ಎಂಬ ಒಕ್ಕಣೆ. ಪದ ಕಟ್ಟಿದವರ ಊರಿನಲ್ಲಿ ಆ ವರ್ಷ ಮಳೆ ಬಿದ್ದಿತ್ತೇ, ದಂಡು ಹಾದುಹೋಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಪಂಡಿತರೂ ಅಷ್ಟಾಗಿ ಕೇಳಿದ್ದಿಲ್ಲ.

ಸಂಗ್ರಹದ ಕತೆ ಬೇಗ ಮುಗಿಯುತ್ತದೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಉಡುಪಿಯ ಪಾವಂಜೆ ಗುರುರಾಯರು ಅವನ್ನು ಮನೆಮನೆಗೆ ಮುಟ್ಟಿಸಿದರು. ಆಮೇಲೆ ಗುರುದೇವ ರಾನಡೆಯವರಂಥ ದೊಡ್ಡವರು ಪದಗಳಲ್ಲಿ ಅನುಭಾವ ಹುಡುಕಿದರು. ಹುಡುಕಿದ್ದು ಸಿಕ್ಕಿತು, ಕಾಲ ಮಾತ್ರ ಕೈಬಿಟ್ಟುಹೋಯಿತು.

ಸಾಹಿತ್ಯ ಚರಿತ್ರೆಯ ಪುಸ್ತಕಗಳದು ಇನ್ನೊಂದು ಅಭ್ಯಾಸ. 1564ರಲ್ಲಿ ಪುರಂದರದಾಸರು ತೀರಿಕೊಂಡರು, ಮರುವರ್ಷ ವಿಜಯನಗರ ಸೋತಿತು, ಅಲ್ಲಿಂದ ವಿಜಯದಾಸರವರೆಗೆ ಕತ್ತಲೆ. ಆ ಕತ್ತಲೆಯಲ್ಲೇ ಕಾಖಂಡಕಿಯ ಮಹಿಪತಿದಾಸರು ಕೂತಿದ್ದಾರೆ. ಆದಿಲ್‌ಶಾಹಿ ದರ್ಬಾರಿನ ಅಧಿಕಾರ ಬಿಟ್ಟು ಬಂದವರೆಂದು ಅವರ ಬಗ್ಗೆ ಸಂಪ್ರದಾಯದ ಮಾತು. ದೀಪ ಹಿಡಿದು ನೋಡಿದವರು ಕಡಿಮೆ ಅಷ್ಟೆ.

ನಿಜವಾದ ಸಂಪತ್ತು ಇರುವುದು ರಾಯಚೂರು ಸೀಮೆಯಲ್ಲಿ. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರ ತಲೆಮಾರು ಕಣ್ಣುಬಿಟ್ಟದ್ದೇ 1686ರಲ್ಲಿ ವಿಜಾಪುರ ಔರಂಗಜೇಬನ ಕೈಸೇರಿದ ಆಸುಪಾಸಿನಲ್ಲಿ. ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರು ಹಸ್ತಪ್ರತಿ ಹುಡುಕಿ ಹುಡುಕಿ ಅಚ್ಚಿಗೆ ತಾರದಿದ್ದರೆ ಈ ಕಡೆಯ ಎಷ್ಟೋ ಹಾಡು ಮಾಡದಲ್ಲೇ ಗೆದ್ದಲು ಹಿಡಿಯುತ್ತಿದ್ದವು. ವಿಶ್ವವಿದ್ಯಾಲಯಗಳು ಮಾಡಬೇಕಿದ್ದ ಕೆಲಸವದು.

ಮಾನ್ವಿಯ ಜಗನ್ನಾಥದಾಸರನ್ನು ನೋಡಬೇಕು. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಅದರಲ್ಲಿ ಊಟಕ್ಕೇ ಒಂದು ಸಂಧಿ ಮೀಸಲು: ಅನ್ನದಲ್ಲಿ, ಹಾಲಿನಲ್ಲಿ, ತುಪ್ಪದಲ್ಲಿ ಯಾವ ಯಾವ ಭಗವದ್ರೂಪ ಎಂಬ ವಿವರ. ತುತ್ತು ಎತ್ತುವ ಕೈಯಲ್ಲೂ ಹರಿಯ ವ್ಯಾಪಾರ ಕಂಡರೆ ಧ್ಯಾನಕ್ಕೆಂದು ಬೇರೆ ಕೋಣೆ ಬೇಡ. ಪ್ರವಚನಗಳಲ್ಲಿ ಇದನ್ನು ತತ್ತ್ವವೆಂದು ಬಿಡಿಸುತ್ತಾರೆ, ಸರಿಯೇ. ಆದರೆ 1809ರವರೆಗೆ ಬದುಕಿದ್ದ ಈ ದಾಸರು ದಖ್ಖನ್ನು 1791–92ರ ಬರದಲ್ಲಿ ಬೆಂದದ್ದನ್ನೂ ಕಂಡವರು. ಅನ್ನವೇ ಇಲ್ಲದ ಮನೆಯಲ್ಲಿ ಆ ಸಂಧಿಯನ್ನು ಹೇಗೆ ಓದಿದರು ಎಂಬ ಪ್ರಶ್ನೆ ವ್ಯಾಖ್ಯಾನಗಳ ದಾರಿಗೇ ಬಂದಂತಿಲ್ಲ.

ಹೆಂಗಸರ ಹಾಡುಗಳಿಗೆ ಇದಕ್ಕಿಂತ ಹೆಚ್ಚಿನ ಉದಾಸೀನ. ಹರಪನಹಳ್ಳಿ ಭೀಮವ್ವ (1823–1903) ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡಿದವರು. ಅಂದಿನ ಬಳ್ಳಾರಿ ಜಿಲ್ಲೆಯ ಊರದು. 1876–78ರ ಧಾತು–ಈಶ್ವರ ಬರ ಆ ಜಿಲ್ಲೆಯನ್ನು ಹಿಂಡಿದಾಗ ಅವರಿಗೆ ಐವತ್ತು ದಾಟಿತ್ತು. ರಾಜ್ಯ ಕಳೆದುಕೊಂಡ ನಳ, ಹಿಡಿ ಅವಲಕ್ಕಿಯ ಸುದಾಮ ಇಬ್ಬರೂ ಅವರ ಕಥನಗಳಲ್ಲಿದ್ದಾರೆ. ‘ಸಂಪ್ರದಾಯದ ಹಾಡು’ ಎಂದು ಒಂದು ಚೀಟಿ ಅಂಟಿಸಿ ಬದಿಗಿಟ್ಟದ್ದೇ ಹೆಚ್ಚು. ಹೆಳವನಕಟ್ಟೆ ಗಿರಿಯಮ್ಮನಿಗಾದರೂ ಪಠ್ಯಪುಸ್ತಕದಲ್ಲಿ ಒಂದೆರಡು ಸಾಲು ಸಿಗುತ್ತದೆ.

ಈ ಹಾಡುಗಳನ್ನು ಉಳಿಸಿದ್ದು ಭಜನಾ ಮಂಡಳಿಗಳು. 2020ರಲ್ಲಿ ಕೊರೊನಾ ಬಂದು ಮನೆಬಾಗಿಲು ಮುಚ್ಚಿದಾಗ ಹಲವರು ಫೋನಿನಲ್ಲೇ ಕೂಡಿದರು. ಎಲ್ಲರೂ ಒಟ್ಟಿಗೆ ಹಾಡಿದರೆ ತಾಳ ಹಿಂದುಮುಂದು. ಕೊನೆಗೆ ಒಬ್ಬರು ಹಾಡುವುದು, ಉಳಿದವರು ಮೈಕು ಬಂದ್ ಮಾಡಿ ಮನೆಯಲ್ಲೇ ಚಪ್ಪಾಳೆ ತಟ್ಟುವುದು ಎಂದಾಯಿತು. ಎದುರಿಗೆ ಅದೇ ಇನ್ನೂರು ಪುಟದ ನೋಟುಪುಸ್ತಕ: ಮೂಲೆಯಲ್ಲಿ ಎಣ್ಣೆಯ ಕಲೆ, ಅಂಕಿತದ ಕೆಳಗೆ ಕೆಂಪು ಗೆರೆ, ಅಂಚಿನಲ್ಲಿ ಪಾಠಾಂತರ. ಯಾರಿಂದ ಕಲಿತದ್ದೆಂದು ಕೆಲವರು ಬರೆದಿರುತ್ತಾರೆ. ಯಾವ ವರ್ಷ ಎಂದು ಬರೆದವರು ಅಪರೂಪ.

ಬರೆದ ಅಜ್ಜಿ ತೀರಿಕೊಂಡ ಮೇಲೆ ಆ ಪುಸ್ತಕ ಹಳೆ ಪೇಪರಿನ ಜತೆ ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಮೊದಲ ಪುಟದ್ದೊಂದು ಫೋಟೊ ಮೊಮ್ಮಕ್ಕಳ ಮೊಬೈಲಿನಲ್ಲಿ ಇದ್ದರೆ ಇದ್ದೀತು.