ಬಳ್ಳಾರಿಯ ಚರಿತ್ರೆಯೂ ನನ್ನ ಮಗಳೂ

ಜಿಲ್ಲಾ ಗೆಜೆಟಿಯರುಗಳನ್ನು ಓದುವ ಚಟವುಳ್ಳವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅವುಗಳಲ್ಲಿ ಮಳೆಯ ಲೆಕ್ಕವಿರುತ್ತದೆ, ಬೆಳೆಯ ಲೆಕ್ಕವಿರುತ್ತದೆ, ಕೋಟೆ ಕಟ್ಟಿದವರ ಮತ್ತು ಕೆಡವಿದವರ ವೃತ್ತಾಂತವಿರುತ್ತದೆ. ಆದರೆ ಆ ಕೋಟೆಯ ನೆರಳಿನಲ್ಲಿ ಎಂದೋ ಒಂದು ಮಗು ನಕ್ಕಿತೆಂಬ ವರದಿ ಮಾತ್ರ ಇರುವುದಿಲ್ಲ. ಬಳ್ಳಾರಿಯನ್ನು ಕುರಿತು 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಗೆಜೆಟಿಯರು ಅಂಥ ಗ್ರಂಥಗಳಲ್ಲಿ ಒಳ್ಳೆಯದೇ. ನಾನು ಅದನ್ನು ಗೌರವದಿಂದಲೇ ಓದುತ್ತೇನೆ. ಆದರೂ ಸರಕಾರಿ ಬರವಣಿಗೆಯಲ್ಲಿ ಮಕ್ಕಳು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಬರಗಾಲದ ಪ್ರಸ್ತಾಪ ಬಂದಾಗ. 1876ರಿಂದ 78ರವರೆಗೆ, ಧಾತು ಸಂವತ್ಸರದಲ್ಲಿ ತೊಡಗಿದ ಕ್ಷಾಮವು ಈ ಸೀಮೆಯನ್ನು ಹಿಂಡಿಹಾಕಿದಾಗ, ಮಕ್ಕಳು ಅಂಕೆಗಳಾಗಿ ಕಾಗದದ ಮೇಲೆ ಬಂದರು. ಹೊಟ್ಟೆ ತುಂಬಿ ಆಡುತ್ತಿದ್ದ ಮಗುವನ್ನು ಬರೆದಿಡುವ ಅಗತ್ಯ ಯಾವ ಕಲೆಕ್ಟರಿಗೂ ತೋರಲಿಲ್ಲ.

ನಾನು ವೃತ್ತಿಯಿಂದ ಚರಿತ್ರೆಯ ಅಧ್ಯಾಪಕ. ಆರು ವರ್ಷದ ಒಬ್ಬ ಮಗಳ ತಂದೆ. ಈ ಎರಡು ಉದ್ಯೋಗಗಳು ಒಂದಕ್ಕೊಂದು ಹೇಗೆ ಅಡ್ಡ ಬರುತ್ತವೆಂಬುದನ್ನು ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮಗಳಿಗೆ ತೀರಿಕೊಂಡ ನನ್ನ ತಾಯಿಯ ಹೆಸರನ್ನೇ ಇಟ್ಟಿದ್ದೇವೆ. ಇಟ್ಟಮೇಲೆ ತೊಡಕು ಗೊತ್ತಾಯಿತು. ಹೆತ್ತವ್ವನ ಹೆಸರು ಹಿಡಿದು ಗದರುವುದಾದರೂ ಹೇಗೆ? ನಮ್ಮ ಸೀಮೆಯ ತಂದೆಯಂದಿರು ಇದಕ್ಕೆ ಹಿಂದಿನಿಂದಲೂ ಒಂದು ಉಪಾಯ ಕಂಡುಕೊಂಡಿದ್ದಾರೆ. ಎಳೆಯ ಮಗಳನ್ನು ಅವರು ‘ಅವ್ವಾ’ ಎಂದೇ ಕರೆಯುತ್ತಾರೆ. ನೆರೆಯ ತೆಲುಗರು ‘ತಲ್ಲೀ’ ಎನ್ನುತ್ತಾರೆ. ಅದಕ್ಕೂ ಅರ್ಥ ತಾಯಿಯೆಂದೇ. ಹೀಗಾಗಿ ತೊಟ್ಟಿಲಿನಲ್ಲಿದ್ದಾಗಲೇ ಅವಳಿಗೆ ನನ್ನ ತಾಯಿಯ ಪದವಿ ದೊರೆಯಿತು. ಆ ಪದವಿಯನ್ನು ಅವಳು ಹೇಗೆ ಚಲಾಯಿಸಿದಳೆಂಬುದು ಮುಂದೆ ಬರುತ್ತದೆ.

ನಮ್ಮ ಊರಿನ ಹೆಸರಿನ ಹುಟ್ಟಿಗೆ ಹಲವು ಕಥೆಗಳಿವೆ. ಇಂದ್ರನು ಬಲನೆಂಬ ಅಸುರನನ್ನು ಕೊಂದ ತಾಣವೆಂಬುದು ಪಂಡಿತರ ಕಥೆ. ನನಗೆ ಪ್ರಿಯವಾದದ್ದು ವರ್ತಕರ ಕಥೆ. ದಾರಿಹೋಕರಾದ ಶಿವಭಕ್ತ ವ್ಯಾಪಾರಿಗಳಿಗೆ ಇಲ್ಲಿ ಪೂಜೆಗೆ ಲಿಂಗ ಸಿಗಲಿಲ್ಲವಂತೆ. ಧಾನ್ಯ ಅಳೆಯುವ ಬಳ್ಳವನ್ನು ಬೋರಲು ಹಾಕಿ ಅದನ್ನೇ ಲಿಂಗವೆಂದು ಪೂಜಿಸಿದರಂತೆ. ಬಳ್ಳದಿಂದ ಬಳ್ಳಾರಿ. ಇದನ್ನು ಕೇಳಿದ ಮಗಳು ಕ್ಷಣಕಾಲ ಯೋಚಿಸಿ, ‘ಪೂಜೆ ಮುಗಿದ ಮ್ಯಾಲೆ ಜ್ವಾಳ ಎದರಾಗ ಅಳದ್ರು?’ ಎಂದಳು. ವರ್ತಕರ ಇಕ್ಕಟ್ಟನ್ನು ಇಷ್ಟು ಚೆನ್ನಾಗಿ ಗ್ರಹಿಸಿದ ಸಂಶೋಧಕರನ್ನು ನಾನು ಕಂಡಿಲ್ಲ.

ಕೋಟೆಯ ಕಥೆಯಂತೂ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲಿನ ಕೋಟೆ ವಿಜಯನಗರದ ಕಾಲದ ಹನುಮಪ್ಪ ನಾಯಕನದು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿ ಊರನ್ನು ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರನೊಬ್ಬನ ನೆರವಿನಿಂದ ಕೋಟೆಯನ್ನು ಬಲಪಡಿಸಿ ಕೆಳಕೋಟೆಯನ್ನು ಕಟ್ಟಿಸಿದ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದೆಯೆಂದೂ, ಅಲ್ಲಿಂದ ಶತ್ರುವಿನ ಫಿರಂಗಿ ಕೋಟೆಯನ್ನು ಹೊಡೆಯಬಹುದೆಂದೂ ಹೈದರನ ಗಮನಕ್ಕೆ ಬಂದು, ಅವನು ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಪ್ರತೀತಿ. ಮಗುವಿಗೆ ಗಲ್ಲಿನ ಮಾತೇಕೆಂದು ‘ಶಿಕ್ಷೆ ಕೊಟ್ಟ’ ಎಂದಷ್ಟೇ ಹೇಳಿದೆ. ಅವಳು ಬಾಗಿಲಲ್ಲಿ ನಿಂತು ಗುಡ್ಡದತ್ತ ನೋಡಿ ಕೇಳಿದಳು: ‘ಕಟ್ಟೂಮುಂದ ಆ ಗುಡ್ಡ ಅಲ್ಲೇ ಇತ್ತಲ್ಲಪ್ಪಾ? ಹೈದರಾಲಿಗೂ ಕಣ್ಣಿದ್ವಲ್ಲಾ?’ ತರಗತಿಯಲ್ಲಿ ನಾನು ಇದನ್ನು ದಂತಕಥೆಯೆಂದು ಸಾಬೀತುಪಡಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತೇನೆ. ಅವಳು ಎರಡು ವಾಕ್ಯಗಳಲ್ಲಿ ಮುಗಿಸಿದಳು.

ಕುರುಗೋಡಿಗೆ ನಾವು ಹೋದದ್ದು ದೊಡ್ಡಬಸವೇಶ್ವರನನ್ನು ನೋಡಲು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದ ಒಂದು ಶಾಖೆ ಆಳಿದ ಊರು ಅದು. ಗುಡ್ಡಗಳ ಮಗ್ಗುಲಲ್ಲಿ ಗುಡಿಗಳು ಚದುರಿಕೊಂಡಿವೆ. ನೋಡುವ ಕಣ್ಣಿದ್ದವರಿಗೆ ಒಂದು ದಿನ ಸಾಲದು. ಬೇರೆಡೆಯಲ್ಲಿ ಶಿವನೆದುರು ಕಾಲು ಮಡಚಿ ಕಾಯುವ ನಂದಿ ಇಲ್ಲಿ ತಾನೇ ಗರ್ಭಗುಡಿಯ ದೇವರು. ಒಂದೇ ಕಲ್ಲಿನಲ್ಲಿ ಕಡೆದ, ಎರಡಾಳೆತ್ತರದ ಮೂರ್ತಿ. ಮಗಳು ತಲೆಯೆತ್ತಿ ನೋಡಿ ನೋಡಿ, ಕೊನೆಗೆ ನನ್ನ ಕಿವಿಯಲ್ಲಿ ಕೇಳಿದಳು: ‘ಇವನ ಇಷ್ಟು ದೊಡ್ಡಾವ ಇದ್ರ, ಇವರವ್ವ ಎಷ್ಟು ದೊಡ್ಡಾಕಿ ಇರಬೇಕು?’ ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಮುದುಕಿಯೊಬ್ಬಳು ಪೂಜೆ ಬಿಟ್ಟು ನಕ್ಕುಬಿಟ್ಟಳು. ‘ಆಕಿ ಹೊಲಕ್ಕ ಹೋಗ್ಯಾಳವ್ವಾ’ ಎಂದು ಮಗಳ ಗಲ್ಲ ಸವರಿದಳು. ರಾಜರ ವಂಶಾವಳಿ ಕೊಡುವ ಶಾಸನಗಳು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಜಿಗಿಯುತ್ತ ಹೋಗುತ್ತವೆ. ಅವ್ವನನ್ನು ಕೇಳುವವರು ಕಡಿಮೆ. ಹೊಲಕ್ಕೆ ಹೋದವಳ ಸುದ್ದಿ ಕಲ್ಲಿನಲ್ಲಿ ಬರುವುದು ಹೇಗೆ?

ಸಿರುಗುಪ್ಪ ನನ್ನ ತಾಯಿಯ ತವರು. ತುಂಗಭದ್ರೆಯ ದಂಡೆಯ ಭತ್ತದ ನಾಡು. ‘ಸಿರಿಯ ಗುಪ್ಪೆ’ಯೇ ಸಿರುಗುಪ್ಪವಾಯಿತೆಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಕಾಲುವೆಯ ದಂಡೆಯ ಮೇಲೆ ನಿಂತು, ಇದು ಸುಮಾರು ಐನೂರು ವರ್ಷದ ಹಿಂದಿನದೆಂದು ಮಗಳಿಗೆ ಹೇಳಿದಾಗ ಅವಳು ನೀರಿಗಿಳಿಯಲು ಒಪ್ಪಲಿಲ್ಲ. ಐನೂರು ವರ್ಷದ ನೀರು ಕೆಟ್ಟಿರುತ್ತದೆಂಬುದು ಅವಳ ವಾದ. ಅಲ್ಲಿಯೇ ಮೈ ತೊಳೆಯುತ್ತಿದ್ದ ಎಮ್ಮೆಯೊಂದನ್ನು ತೋರಿಸಿ ನಂಬಿಸಬೇಕಾಯಿತು.

ಆ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ 1970ರ ದಶಕದ ಕೊನೆಯ ಭಾಗದಲ್ಲಿ ಅಶೋಕನ ಬಂಡೆಶಾಸನಗಳು ಬೆಳಕಿಗೆ ಬಂದವು. 1915ರಲ್ಲಿ ಮಸ್ಕಿಯಲ್ಲಿ ಮೊದಲಿಗೆ ಕಂಡ ‘ಅಶೋಕ’ ಎಂಬ ಹೆಸರು ಇಲ್ಲಿಯೂ ಇದೆ. ದೇವಾನಾಂಪ್ರಿಯನು ತನ್ನ ಹೆಸರು ಹೇಳಿಕೊಂಡ ಜಾಗಗಳು ಇಡೀ ದೇಶದಲ್ಲಿ ಕೆಲವೇ; ಅವುಗಳಲ್ಲಿ ಎರಡು ನಮ್ಮ ಭತ್ತದ ಗದ್ದೆಗಳ ಮಗ್ಗುಲಲ್ಲಿರುವುದು ಸಣ್ಣ ಸಂಗತಿಯಲ್ಲ. ಈ ಶಾಸನಗಳಲ್ಲಿ ಚಕ್ರವರ್ತಿಯು ತನ್ನ ಅಧಿಕಾರಿಗಳ ಮೂಲಕ ಪ್ರಜೆಗಳಿಗೆ ಹೇಳಿಸುವ ನೀತಿಯಲ್ಲಿ ಒಂದು, ತಂದೆತಾಯಿಗಳ ಮಾತನ್ನು ಕೇಳಬೇಕೆಂಬುದು. ಬಂಡೆಯೆದುರು ನಿಂತು ನಾನು ಅದನ್ನು ಸ್ವಲ್ಪ ಒತ್ತಿಯೇ ವಿವರಿಸಿದೆನೆನ್ನಬೇಕು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಚಕ್ರವರ್ತಿಯ ಬೆಂಬಲ ಯಾವ ತಂದೆಗೆ ಬೇಡ? ಮಗಳು ಗಂಭೀರವಾಗಿ ಕೇಳಿಸಿಕೊಂಡಳು. ಆಮೇಲೆ ಅಂದಳು: ‘ನೀನು ನನ್ನ ಅವ್ವಾ ಅಂತ ಕರೀತೀಯಲ್ಲಾ. ಹಂಗಾದ್ರ ನೀನ ನನ್ನ ಮಾತು ಕೇಳಬೇಕು. ರಾಜ ಬರದಾನ.’ ಆ ದಿನ ಹಿಂದಿರುಗುವಾಗ ಮಿರ್ಚಿ ಮಂಡಕ್ಕಿ ಕೊಡಿಸಬೇಕಾಯಿತು. ಶಾಸನದ ಆಧಾರವಿದ್ದುದರಿಂದ ನಾನು ತಕರಾರು ಮಾಡಲಿಲ್ಲ.

ಅದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿ, ನವಶಿಲಾಯುಗದ ಜನ ಗುಡ್ಡದ ಮೇಲೆ ದುಂಡನೆಯ ಗುಡಿಸಲು ಕಟ್ಟಿಕೊಂಡು ಬಾಳಿದ ಕುರುಹುಗಳನ್ನು ಹೊರತೆಗೆದರು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಚಿನ್ನದ ಕಿವಿಯೊಡವೆಯೂ ಉಂಟು. ಮಗಳ ಕಿವಿ ಚುಚ್ಚಿಸಿದ ದಿನ ನನಗೆ ಅದರ ನೆನಪಾಗಿತ್ತು. ಮೊದಲು ಅಪ್ಪನ ಕಿವಿ ಚುಚ್ಚಿದರೆ ಮಾತ್ರ ತನ್ನದನ್ನು ಕೊಡುವೆನೆಂದು ಅವಳು ಹಟ ಹಿಡಿದು, ಅಕ್ಕಸಾಲಿಗನು ನನ್ನ ಕಿವಿಗೆ ಸೂಜಿ ತಾಗಿಸಿ ನಟಿಸಿ, ನಾನು ಕೂಗಿ ನಟಿಸಿ, ಅಂತೂ ಕೆಲಸ ಮುಗಿದಿತ್ತು. ಮೂರೂವರೆ ಸಾವಿರ ವರ್ಷಗಳ ಹಿಂದೆ ತೆಕ್ಕಲಕೋಟೆಯ ಗುಡ್ಡದ ಮೇಲೂ ಯಾರೋ ಒಬ್ಬ ತಂದೆ ಹೀಗೆಯೇ ಕೂಗಿರಬಾರದೇಕೆ?

ಆದರೆ ಆ ಉತ್ಖನನದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಆ ಜನ ತೀರಿಕೊಂಡ ಕೂಸುಗಳನ್ನು ಮಣ್ಣಿನ ಗಡಿಗೆಗಳಲ್ಲಿಟ್ಟು ಹೂಳುತ್ತಿದ್ದರು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಇಂಥ ಗಡಿಗೆಗಳು ಎಷ್ಟೋ ವೇಳೆ ವಾಸದ ಮನೆಯ ನೆಲದಡಿಯಲ್ಲೇ ಸಿಕ್ಕಿವೆ. ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ‘ಶವಸಂಸ್ಕಾರ ಪದ್ಧತಿಗಳು’ ಎಂಬ ತಲೆಬರಹದ ಕೆಳಗೆ ಬರೆದುಕೊಂಡು, ಪರೀಕ್ಷೆಯಲ್ಲಿ ಅಂಕ ಗಳಿಸಿದ್ದುಂಟು. ಮಗಳಿಗೆ ಎರಡು ವರ್ಷವಿದ್ದಾಗ ಒಂದು ವಾರ ಜ್ವರ ಬಿಡಲಿಲ್ಲ. ಏಪ್ರಿಲ್ ತಿಂಗಳ ಬಳ್ಳಾರಿಯ ರಾತ್ರಿ. ಗೋಡೆ ಮುಟ್ಟಿದರೂ ಬಿಸಿ, ಮಗುವಿನ ಹಣೆ ಮುಟ್ಟಿದರೂ ಬಿಸಿ. ಒದ್ದೆ ಬಟ್ಟೆ ಹಿಂಡಿ ಹಾಕುತ್ತ ಕುಳಿತಾಗ ಆ ಗಡಿಗೆಗಳು ಕಣ್ಣ ಮುಂದೆ ಬಂದವು. ಕೂಸನ್ನು ಊರ ಹೊರಗೆ ಕಳಿಸಲು ಮನಸ್ಸು ಬಾರದೆ, ತಾವು ಮಲಗುವ ನೆಲದಡಿಯಲ್ಲೇ ಮಲಗಿಸಿಕೊಂಡವರ ಮನಸ್ಸು ಎಂಥದಿದ್ದೀತು? ಎಂಟನೆಯ ದಿನ ಮಗಳು ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳು. ಆಮೇಲೆ ನಾನು ಆ ಪಾಠವನ್ನು ಮೊದಲಿನಂತೆ ಹೇಳಲಾಗಿಲ್ಲ. ಅಲ್ಲಿಗೆ ಬಂದಾಗ ದನಿ ತಗ್ಗುತ್ತದೆ. ಹುಡುಗರು ತಿಳಿದುಕೊಳ್ಳುತ್ತಾರೆ, ಪ್ರಶ್ನೆ ಕೇಳುವುದಿಲ್ಲ.

ಇನ್ನು ಭಾಷೆಯ ವಿಚಾರ. ನನ್ನ ಹೆಂಡತಿ ರಾಯದುರ್ಗದವಳು, ಮನೆಮಾತು ತೆಲುಗು. ಅತ್ತೆಯವರು ನಮ್ಮೊಡನೆಯೇ ಇದ್ದಾರೆ. ಮಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಮನೆ ಒಂದು ನಾಟಕದ ಕಂಪನಿಯಂತಿತ್ತು. ಅಜ್ಜಿ ಅಕ್ಕರೆಯಿಂದ ‘ಚೆಪ್ಪು, ತಲ್ಲಿ, ಚೆಪ್ಪು’ ಎಂದರೆ, ಅಂದರೆ ‘ಹೇಳಮ್ಮ’ ಎಂದರೆ, ಇವಳು ಬಾಗಿಲಿಗೆ ಓಡಿಹೋಗಿ ಚಪ್ಪಲಿ ತರುತ್ತಿದ್ದಳು. ತೆಲುಗಿನಲ್ಲಿ ಚಪ್ಪಲಿಗೂ ಚೆಪ್ಪು ಎಂದೇ ಹೆಸರಿರುವುದರಿಂದ ತಪ್ಪು ಯಾರದೆಂದು ತೀರ್ಮಾನಿಸುವುದು ಕಷ್ಟ. ಅಜ್ಜಿ ಬಟ್ಟಲು ಹಿಡಿದು ‘ಪಾಲು’ ಎಂದರೆ ಹಾಲು. ಇವಳ ಕನ್ನಡದ ಕಿವಿಗೆ ಪಾಲೆಂದರೆ ಹಂಚಿಕೆ. ‘ಯಾರ ಪಾಲು?’ ಎಂದು ಕೇಳುವಳು. ‘ನೀ ಪಾಲೇ’ ಎಂದು ಅಜ್ಜಿ. ಎರಡು ಭಾಷೆಗಳೂ ಅಲ್ಲಿ ಒಂದಾಗಿ, ಹಾಲು ಹೊಟ್ಟೆ ಸೇರುತ್ತಿತ್ತು.

‘ಯಾರ ಪಾಲು’ ಎಂಬ ಪ್ರಶ್ನೆಯನ್ನು ಬಳ್ಳಾರಿ ಬಹಳ ದುಬಾರಿಯಾಗಿ ಕೇಳಿಸಿಕೊಂಡಿದೆ. 1800ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಬಂದ ಈ ಸೀಮೆ, ಥಾಮಸ್ ಮನ್ರೋನ ಆಡಳಿತವನ್ನು ಕಂಡು, ಮದರಾಸು ಪ್ರಾಂತ್ಯದಲ್ಲೇ ಒಂದೂವರೆ ಶತಮಾನ ಕಳೆಯಿತು. ಆಂಧ್ರ ರಾಜ್ಯದ ರಚನೆ ನಿಶ್ಚಯವಾದಾಗ ಜಿಲ್ಲೆಯನ್ನು ಹರಿದು ಹಂಚುವ ಮಾತು ಬಂತು. ನ್ಯಾಯಮೂರ್ತಿ ವಾಂಛೂ ಅವರ ವರದಿ ಬಂತು. ಬಳ್ಳಾರಿ ತಾಲ್ಲೂಕಿನ ವ್ಯಾಜ್ಯವನ್ನೇ ಪ್ರತ್ಯೇಕವಾಗಿ ವಿಚಾರಿಸಲು ಹೈದರಾಬಾದಿನ ಮುಖ್ಯ ನ್ಯಾಯಾಧೀಶ ಎಲ್. ಎಸ್. ಮಿಶ್ರ ನೇಮಕಗೊಂಡರು. ಊರಿನ ಎರಡೂ ಪಕ್ಷದವರು ತಲೆಗಳನ್ನು ಎಣಿಸಿದರು, ಶಾಸನಗಳನ್ನು ಎಣಿಸಿದರು. ಕೊನೆಗೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಹಿಂದಿನ ರಾತ್ರಿ, ವಿಲೀನೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಅವರು ಹಲ್ಲೆಗೆ ಗುರಿಯಾಗಿ ಪ್ರಾಣ ತೆತ್ತರು. ಬಳ್ಳಾರಿಯ ಕನ್ನಡದ ಇತಿಹಾಸದಲ್ಲಿ ಆ ಹೆಸರು ಮರೆಯುವಂಥದಲ್ಲ.

ನನ್ನ ಮಾವನವರ ಮನೆ ಗೆರೆಯ ಆಚೆಗೆ ಉಳಿಯಿತು, ನಮ್ಮದು ಈಚೆಗೆ. ಆದರೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಆಯೋಗದವರು ಗಂಡಸರ ಹೇಳಿಕೆಗಳನ್ನು ಬರೆದುಕೊಂಡು ಹೋದ ಮೇಲೂ ಅಡಿಗೆಮನೆಗಳಲ್ಲಿ ಎರಡು ಭಾಷೆಗಳು ಒಂದೇ ಒಲೆಯಲ್ಲಿ ಬೇಯುತ್ತಲೇ ಇದ್ದವು.

ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಒಂದು ಅಂಕಣವಿತ್ತು. ಗುಮಾಸ್ತರು ಮಗುವನ್ನೇ ಪ್ರೀತಿಯಿಂದ ಕೇಳಿದರು. ಇವಳು, ‘ನಮ್ಮವ್ವಂದು ತೆಲುಗು. ನಾನು ನಮ್ಮಪ್ಪನ ಅವ್ವ, ನಂದು ಕನ್ನಡ’ ಎಂದಳು. ಗುಮಾಸ್ತರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಮಿಶ್ರ ಅವರೆದುರು ಈ ಸಾಕ್ಷಿ ನಿಂತಿದ್ದರೆ ಏನಾಗುತ್ತಿತ್ತೋ! ಅಂಕಣದಲ್ಲಿ ಒಂದೇ ಪದಕ್ಕೆ ಜಾಗವಿದ್ದುದರಿಂದ ಕನ್ನಡವೆಂದು ಬರೆಸಿದೆವು. ಮನೆಗೆ ಬಂದು ಹೇಳಿದಾಗ ಅತ್ತೆಯವರು ಏನೂ ಅನ್ನಲಿಲ್ಲ. ಆದರೆ ಆ ರಾತ್ರಿ ಮೊಮ್ಮಗಳಿಗೆ ತೆಲುಗು ಕಥೆಯೊಂದನ್ನು ಎಂದಿಗಿಂತ ಉದ್ದವಾಗಿ ಹೇಳಿದರು. ನಾನು ಪಕ್ಕದ ಕೋಣೆಯಲ್ಲಿ ಅದನ್ನು ಕೇಳುತ್ತ ಮಲಗಿದ್ದೆ.

ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಒಯ್ಯುತ್ತಾರೆ. ಮರದ ಅಚ್ಚುಗಳಿಗೆ ಕುದಿಯುವ ಸಕ್ಕರೆಪಾಕ ಹೊಯ್ದು ಆನೆ, ನವಿಲು, ಗಿಣಿ, ತೇರುಗಳನ್ನು ತೆಗೆಯುವುದು. ತಟ್ಟೆಯಲ್ಲಿ ಜೋಡಿಸಿ ದೀಪವಿಟ್ಟು, ಹೊಸ ಲಂಗ ತೊಟ್ಟ ಹುಡುಗಿಯರು ಹಾಡುತ್ತ ಗೌರಿಯ ಬಳಿಗೆ ಹೋಗುವುದು. ಹುಡುಗಿಯರೇ ಯಜಮಾನಿಯರಾದ ಹಬ್ಬಗಳು ನಮ್ಮಲ್ಲಿ ಹೆಚ್ಚಿಲ್ಲ. ಯಾವ ಅರಸನೂ ಇದಕ್ಕೆ ದತ್ತಿ ಬಿಟ್ಟಂತೆ ನಾನು ಓದಿಲ್ಲ. ಅಚ್ಚುಗಳು ಅತ್ತೆಯಿಂದ ಸೊಸೆಗೆ, ಅವ್ವನಿಂದ ಮಗಳಿಗೆ ಬಂದಿವೆ, ಅಷ್ಟೆ. ನಮ್ಮ ಮನೆಯ ಅಚ್ಚು ಸಿರುಗುಪ್ಪದಿಂದ ನನ್ನ ತಾಯಿಯೊಡನೆ ಬಂದದ್ದು. ಕಳೆದ ವರ್ಷ ಪಾಕ ಹೊಯ್ದವರು ರಾಯದುರ್ಗದ ಅತ್ತೆಯವರು. ಮಗಳು ತಟ್ಟೆ ಹಿಡಿದು ಓಣಿಯ ಗುಡಿ ಮುಟ್ಟುವಷ್ಟರಲ್ಲಿ ಗಿಣಿಗೆ ತಲೆಯಿರಲಿಲ್ಲ, ಆನೆಗೆ ಸೊಂಡಿಲಿರಲಿಲ್ಲ. ‘ಎವರು ತಿನ್ನಾರು?’ ಎಂದು ಅಜ್ಜಿ ತೆಲುಗಿನಲ್ಲಿ ಗದರಿದರು. ತುಟಿಗೆ ಹತ್ತಿದ್ದ ಸಕ್ಕರೆಯನ್ನು ಒರೆಸಿಕೊಳ್ಳದೆಯೇ ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು: ‘ಗೌರವ್ವಗ ಹಸಿವಾಗಿತ್ತು, ದಾರ್ಯಾಗ ಬಂದಿದ್ಲು.’